ಎಡಮೂಲೆಯ ಸಿಕಂದರ್

೭ ಜನವರಿ ೧೯೬೨, ಭಾನುವಾರ

ನೂಲಿನ ಏಜೆಂಟರು ಹೊಸ ವರ್ಷಕ್ಕೆ ಅಂತ ನಮ್ಮ ಮಿಲ್ಲಿನ ಕಬಡ್ಡಿ ಟೀಮಿನವರಿಗೆಲ್ಲ ಒಂದೊಂದು ಡೈರಿ ಕೊಟ್ಟಿದ್ದಾರೆ. ಈ ವರ್ಷದ ಪಂದ್ಯಗಳನ್ನಾದರೂ ಬರೆದಿಡೋಣ ಅಂತ ಶುರು ಮಾಡಿದ್ದೇನೆ.

ಇವತ್ತು ಹರಿಹರದಲ್ಲಿ ಹುಬ್ಬಳ್ಳಿಯವರ ಮೇಲೆ ಗೆದ್ದೆವು. ಹತ್ತೊಂಬತ್ತು, ಹದಿನಾಲ್ಕು. ಅವರಲ್ಲಿ ಒಬ್ಬ ನೀಳಕಾಲಿನ ದಾಳಿಗಾರ ಇದ್ದ. ಮೊದಲರ್ಧದಲ್ಲಿ ನಮ್ಮವರನ್ನು ಮುಟ್ಟಿ ಮುಟ್ಟಿ ಹೋದ. ಆಮೇಲೆ ನಾನು ಎಡಮೂಲೆಯಲ್ಲಿ ಮೈ ಸಡಿಲ ಬಿಟ್ಟು, ಜನರ ಕಡೆ ನೋಡುತ್ತಿರುವವನಂತೆ ನಿಂತೆ. ಇವನು ಮೈಮರೆತಿದ್ದಾನೆ ಅಂದುಕೊಂಡು ಕಾಲು ಚಾಚಿದ. ಪಾದದ ಮೇಲಿನ ಹರಡು ಕೈಗೆ ಬಂತು. ಹರಡು ಕೈಗೆ ಸಿಕ್ಕ ಮೇಲೆ ನನಗೆ ಬೇರೇನೂ ಕೇಳಿಸುವುದಿಲ್ಲ. ಎದುರಿನವನ ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅನ್ನುವುದು ನಿಲ್ಲುವ ತನಕ ಹಿಡಿದೇ ಇರುತ್ತೇನೆ. ಅವನನ್ನು ಮೂರು ಸಲ ಕೂರಿಸಿದೆ. ಜನ "ಉಡ, ಉಡ" ಅಂತ ಕೂಗಿದರು. ಹಿಡಿದರೆ ಬಿಡದವನು ಅಂತ ಬಿದ್ದ ಈ ಹೆಸರು ದಾವಣಗೆರೆಯಲ್ಲಷ್ಟೇ ಅಲ್ಲ, ಹರಿಹರದಲ್ಲೂ ಗೊತ್ತಾಗಿದೆ.

ನಮ್ಮ ಲೇಬರ್ ಆಫೀಸರು ಶಿವಮೂರ್ತಪ್ಪನವರೇ ಟೀಮಿನ ಮ್ಯಾನೇಜರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು, "ಸಿಕಂದರ್, ನೀನಿರೋ ತನಕ ನಮ್ಮ ಮಿಲ್ಲಿನ ಮಾನಕ್ಕೇನೂ ಭಯ ಇಲ್ಲ ನೋಡು" ಅಂದರು. ಎಲ್ಲರಿಗೂ ಕೇಳಿಸುವ ಹಾಗೆ ಅಂದರು.

ಕೊನೆಯ ಹಿಡಿತದಲ್ಲಿ ಬಲ ಮೊಣಕಾಲಿನೊಳಗೆ ಏನೋ ಸರಿದ ಹಾಗಾಯಿತು. ಬಸ್ಸು ಇಳಿಯುವಾಗ ಕಂಬಿ ಹಿಡಿದು ಇಳಿದೆ. ಯಾರೂ ಗಮನಿಸಲಿಲ್ಲ. ಮನೆಯಲ್ಲಿ ರಶೀದಾ ಏನೋ ಹೇಳುತ್ತಿದ್ದಳು, ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಅಂತಲೋ ಏನೋ. ನನಗೆ ನಿದ್ದೆ ಬಂದಿತ್ತು.

೧೬ ಜನವರಿ, ಮಂಗಳವಾರ

ಮೊಣಕಾಲು ಊದಿದೆ. ಕೆಂಚವೀರಪ್ಪನಿಗೆ ಮಾತ್ರ ಹೇಳಿದೆ. ಅವನು ನಮ್ಮ ದಾಳಿಗಾರ, ಟೀಮಿನಲ್ಲಿ ನನಗೆ ಹತ್ತಿರದವನು. ಅವರೂರು ಕಡರನಾಯಕನಹಳ್ಳಿಗೆ ಕರಕೊಂಡು ಹೋದ. ಅಲ್ಲಿ ಅವನ ಸೋದರತ್ತೆ ಓಬಕ್ಕ ಉಳುಕು ತೆಗೆಯುತ್ತಾಳೆ. ಎಣ್ಣೆ ಹಚ್ಚಿ, ಕಾಲನ್ನು ಅತ್ತ ಇತ್ತ ಮಡಿಸಿ ನೋಡಿದಳು.

"ಇದು ಉಳುಕಲ್ಲಪ್ಪ, ಒಳಗಿನ ನರ ಹರಿದೈತೆ. ಮುಂಗಾರು ಬರೋ ತನಕ ಓಡಬ್ಯಾಡ, ಮಂಡಿ ಊರಬ್ಯಾಡ" ಅಂದಳು.

"ಆಟ?"

"ಆಟಗೀಟ ಅಂದ್ರೆ ನನ್ನ ಹತ್ರ ಬರಬ್ಯಾಡ."

ವಾಪಸು ಬರುವಾಗ, ಯಾರಿಗೂ ಹೇಳಬೇಡ ಅಂತ ಕೆಂಚವೀರಪ್ಪನಿಂದ ಮಾತು ತಗೊಂಡೆ. ಮಿಲ್ಲಿನಲ್ಲಿ ನಾನು ಹೆಸರಿಗೆ ನೇಕಾರ. ಬೆಳಿಗ್ಗೆ ಮಗ್ಗದ ಮುಂದೆ ನಿಲ್ಲುತ್ತೇನೆ, ಊಟವಾದ ಮೇಲೆ ಮೈದಾನಕ್ಕೆ ಹೋಗುತ್ತೇನೆ. ಆಮೇಲೆ ನನ್ನ ಎರಡು ಮಗ್ಗಗಳನ್ನು ಪಕ್ಕದ ಬೋರಣ್ಣನೇ ನೋಡಿಕೊಳ್ಳುತ್ತಾನೆ. ಕಾಲಿಲ್ಲ ಅಂದರೆ ಆಟ ಇಲ್ಲ. ಆಟ ಇಲ್ಲ ಅಂದರೆ ಕೆಲಸವೂ ಇಲ್ಲ, ಮಿಲ್ ಲೈನಿನ ಮನೆಯೂ ಇಲ್ಲ. ಕೆಂಚವೀರಪ್ಪನದೂ ಅದೇ ಕತೆ. ಅದಕ್ಕೇ ಅವನು ಹೇಳುವುದಿಲ್ಲ ಅನ್ನುವ ಧೈರ್ಯ.

೨೪ ಜನವರಿ, ಬುಧವಾರ

ನೋಟಿಸು ಹಾಕಿದ್ದಾರೆ. ಇನ್ನು ಮೇಲೆ ಒಬ್ಬ ನೇಕಾರ ನಾಲ್ಕು ಮಗ್ಗ ನೋಡಬೇಕಂತೆ. ಹಾಗಾದರೆ ಅರ್ಧ ಜನ ಮನೆಗೆ. ಊಟದ ಹೊತ್ತಿಗೆ ಬೇವಿನ ಮರದ ಕೆಳಗೆ ಸಂಘದವರ ಸಭೆ. ಬೋರಣ್ಣ ಮಾತಾಡುತ್ತಿದ್ದ. ಅವನು ಗಟ್ಟಿಯಾಗಿ ಮಾತಾಡುವವನಲ್ಲ, ಆದರೂ ಎಲ್ಲರೂ ಕೇಳುತ್ತಿದ್ದರು. ನಾನೂ ಹಿಂದೆ ನಿಂತಿದ್ದೆ. ಅವನು ನನ್ನನ್ನು ನೋಡಿದ, ಬಾ ಅನ್ನಲಿಲ್ಲ.

ನಿಟ್ಟುವಳ್ಳಿಯಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ನನಗೆ ಕಬಡ್ಡಿ ಕಲಿಸಿದವನು ಬೋರಣ್ಣ. ಅಪ್ಪ ಹತ್ತಿ ಹಿಂಜುವ ಕೆಲಸದಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡಾಗ ಮಿಲ್ಲಿಗೆ ಕರಕೊಂಡು ಬಂದು ಸೇರಿಸಿದವನೂ ಅವನೇ. ಇವತ್ತು ಬಾ ಅಂತ ಒಂದು ಮಾತು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅಂದಿದ್ದರೂ ನಾನು ಹೋಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಸಂಜೆ ಶಿವಮೂರ್ತಪ್ಪನವರು ಕರೆಸಿದರು. "ಈ ಗಲಾಟೇಲಿ ನೀನು ಬೀಳಬ್ಯಾಡ. ನೀನು ಆಟಗಾರ. ಅವರ ಪಾಡು ಬ್ಯಾರೆ, ನಿನ್ನ ಪಾಡು ಬ್ಯಾರೆ."

ಸರಿ ಅಂತ ಬಂದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

೧ ಫೆಬ್ರವರಿ, ಗುರುವಾರ

ಸ್ಟ್ರೈಕು ಶುರುವಾಯಿತು. ಇವತ್ತು ಮಿಲ್ಲಿನ ಕೂಗು ಕೂಗಿತು, ಒಳಗೆ ಯಾರೂ ಹೋಗಲಿಲ್ಲ. ನಾವು ಹೋದೆವು. ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಮಿಲ್ಲುಗಳ ಟೂರ್ನಮೆಂಟು ಇದೆಯಂತೆ, ಅದಕ್ಕೆ ಕ್ಯಾಂಪು. ಬಟ್ಟೆ ಕಟ್ಟಿಕೊಂಡು ಬಂದುಬಿಡಿ, ಕಾಂಪೌಂಡಿನೊಳಗೇ ಊಟ, ಅಲ್ಲೇ ವಸತಿ ಅಂತ ಆರ್ಡರು.

ರಶೀದಾ ಟ್ರಂಕಿನಿಂದ ಬಟ್ಟೆ ತೆಗೆದು ಕೊಡುತ್ತಾ ಕೇಳಿದಳು, "ಎಷ್ಟು ದಿನ?"

"ಗೊತ್ತಿಲ್ಲ."

"ಹೊರಗ ಎಲ್ಲಾರೂ ಗೇಟಿನ ಮುಂದ ಕುಂತಾರ. ನೀವು ಅವರನ್ನ ದಾಟಿ ಒಳಗ ಹೋಗ್ತೀರಿ. ನಾಳೆ ನಾನು ಅವರ ಹೆಂಡರ ಜೋಡಿ ನೀರಿಗೆ ನಿಲ್ಲಬೇಕು."

"ನಾನು ಆಡಾಕ ಹೋಗ್ತಿದೀನಿ. ಮತ್ತೇನಕ್ಕೂ ಅಲ್ಲ."

ಅವಳು ಗಂಟು ಕಟ್ಟಿ ಕೊಟ್ಟಳು.

೩ ಫೆಬ್ರವರಿ, ಶನಿವಾರ

ಕ್ಯಾಂಪಿನಲ್ಲಿ ಊಟ ಭರ್ಜರಿ. ಬೆಳಿಗ್ಗೆ ಹಾಲು, ಮೊಟ್ಟೆ. ಮಧ್ಯಾಹ್ನ ಕೋಳಿ. ಗೆಸ್ಟ್ ಹೌಸಿನಲ್ಲಿ ಮಂಚ, ಗಾದಿ. ಕೆಂಚವೀರಪ್ಪ, "ಹಿಂಗೆ ಸ್ಟ್ರೈಕು ನಡೀತಾ ಇದ್ರೆ ನಾನು ಬೆಂಗಳೂರಿಗೆ ಹೋಗೋದ್ರೊಳಗೆ ಓಡಾಕಾಗ್ದಂಗೆ ದಪ್ಪ ಆಗ್ತೀನಿ" ಅಂತ ನಗಿಸುತ್ತಾನೆ.

ಮಗ್ಗಗಳು ನಿಂತಿವೆ. ಅವುಗಳ ಸದ್ದಿಲ್ಲದ ಮಿಲ್ಲನ್ನು ನಾನು ಈ ಮೊದಲು ಕಂಡಿರಲಿಲ್ಲ. ಗುಬ್ಬಿ ಒಳಗೆ ಹಾರಾಡುವುದು ಕೇಳಿಸುತ್ತದೆ. ಗೋದಾಮಿನ ಪಕ್ಕದ ಬಯಲಿನಲ್ಲಿ ಪ್ರಾಕ್ಟೀಸು. ಮೊಣಕಾಲಿಗೆ ಬಟ್ಟೆ ಸುತ್ತಿ ಮೇಲೆ ಪ್ಯಾಂಟು ಹಾಕಿಕೊಳ್ಳುತ್ತೇನೆ.

ಗೇಟಿನ ಹೊರಗೆ ಕೂತ ಸ್ಟ್ರೈಕಿನವರ ಭಜನೆ ಇಲ್ಲಿಗೂ ಕೇಳಿಸುತ್ತದೆ.

೭ ಫೆಬ್ರವರಿ, ಬುಧವಾರ

ಮೊದಲ ರೋಜಾ. ಶಿವಮೂರ್ತಪ್ಪನವರು ಬೆಳಿಗ್ಗೆಯೇ ಬಂದು, "ಉಪವಾಸ ಮಾಡಿದ್ರೆ ಮೈಗೆ ಬಲ ಎಲ್ಲಿಂದ ಬರಬೇಕು? ಟೂರ್ನಮೆಂಟು ಮುಗಿದ ಮ್ಯಾಲೆ ಮಾಡ್ಕೊ" ಅಂದರು.

"ಅದು ಹಂಗಾಗಲ್ಲ ಸಾಹೇಬ್ರೆ."

"ನನ್ನ ಮಾತಿಗೆ ಇಷ್ಟೂ ಬೆಲೆ ಇಲ್ಲವಾ?"

ಪ್ರಾಕ್ಟೀಸಿನಲ್ಲಿ ಎಲ್ಲರಿಗಿಂತ ಎರಡು ಸುತ್ತು ಹೆಚ್ಚು ಓಡಿಸಿದರು. ಓಡಿದೆ.

ಸಂಜೆ ಗೇಟಿನವನು ಬಂದು ನಿನ್ನ ಮನೆಯಿಂದ ಡಬ್ಬಿ ಬಂದಿದೆ ಅಂದ. ರಶೀದಾ ಬಂದಿದ್ದಾಳೆ ಅಂತ ಓಡಿಹೋದರೆ, ಕಂಬಿಯ ಆಚೆ ಡಬ್ಬಿ ಹಿಡಿದು ನಿಂತವನು ಬೋರಣ್ಣ. ಗಡ್ಡ ಬೆಳೆದಿತ್ತು, ಗಂಟಲು ಕಟ್ಟಿತ್ತು.

"ನಿನ್ನ ಹೆಂಡ್ತಿ ತಂದು ಕೊಟ್ಟಳು. ಇಷ್ಟು ಗಂಡಸರ ನಡುವೆ ದಾಟಿ ಬರಾಕೆ ಸಂಕೋಚ ಪಟ್ಟಳು. ಬಿಸಿ ಐತೆ, ತಗ."

ಕಂಬಿಯ ಸಂದಿನಲ್ಲಿ ಡಬ್ಬಿ ಬರಲಿಲ್ಲ. ಅವನು ಒಂದೊಂದೇ ಬಟ್ಟಲು ಬಿಚ್ಚಿ ಕೊಟ್ಟ, ನಾನು ಒಳಗೆ ಜೋಡಿಸಿಕೊಂಡೆ. ಏನಾದರೂ ಅನ್ನುತ್ತಾನೆ ಅಂತ ಕಾದೆ. "ಖರ್ಜೂರ ಮ್ಯಾಲಿನ ಬಟ್ಟಲಲ್ಲೈತಂತೆ" ಅಂದು ಹೋಗಿ ತನ್ನ ಜಾಗದಲ್ಲಿ ಕೂತ.

೧೨ ಫೆಬ್ರವರಿ, ಸೋಮವಾರ

ಒಂದು ದಿನ ಮನೆಗೆ ಹೋಗಿ ಬರುತ್ತೇನೆ ಅಂತ ಕೇಳಿದೆ. ಗೇಟಿನವನು ಪಾಸಿಲ್ಲದೆ ಬಿಡುವುದಿಲ್ಲ ಅಂದ. ಪಾಸು ಕೊಡುವವರು ಶಿವಮೂರ್ತಪ್ಪನವರು. ಅವರು ಕುರ್ಚಿಯಿಂದ ಏಳಲೂ ಇಲ್ಲ.

"ಹೋಗು. ಯಾರು ಬ್ಯಾಡ ಅಂದ್ರು? ಆದ್ರೆ ಹೋದವನು ತಿರುಗಿ ಒಳಗೆ ಬರಬ್ಯಾಡ. ಲೈನಿನ ಮನೆ ಬೀಗದ ಕೈ ಸಂಜೇನೇ ತಂದು ಕೊಡು." ಆಮೇಲೆ ಮೆತ್ತಗೆ, "ನಿನ್ನ ಮೊಣಕಾಲು ಹೆಂಗೈತೆ ಅಂತ ನಂಗೂ ಗೊತ್ತು ಸಿಕಂದರ್. ಇನ್ಯಾವ ಮಿಲ್ಲಿನವರು ತಗೋತಾರೆ ನಿನ್ನ?" ಅಂದರು.

ಹೇಗೆ ಗೊತ್ತಾಯಿತೋ. ಕೆಂಚವೀರಪ್ಪ ಆಣೆ ಮಾಡಿದ, ತಾನು ಹೇಳಿಲ್ಲ ಅಂತ. ನಂಬಿದ್ದೇನೆ.

ಹೊರಗೆ ಹೋದರೆ ಸ್ಟ್ರೈಕಿನವರಿಗೆ ನಾನು ಆಫೀಸಿನ ಮನುಷ್ಯ. ಒಳಗಿದ್ದರೆ ಇವರ ಕೋಳಿ ತಿನ್ನುವವನು. ಗೋಡೆಯ ಉದ್ದಕ್ಕೂ ಸುಮ್ಮನೆ ನಡೆದೆ. ನಾಲ್ಕೂ ಕಡೆ ಗೋಡೆಯ ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ. ಇಷ್ಟು ವರ್ಷ ಅದನ್ನು ನೋಡಿರಲೇ ಇಲ್ಲ.

೧೭ ಫೆಬ್ರವರಿ, ಶನಿವಾರ

ಇವತ್ತು ರಶೀದಾ ತಾನೇ ಗೇಟಿನ ತನಕ ಬಂದಳು. ಜನ ಸರಿದು ದಾರಿ ಬಿಟ್ಟರಂತೆ. ಬುರ್ಖಾದ ಮುಸುಕು ಎತ್ತಿ ಮಾತಾಡಿದಳು. ಸೊರಗಿದ್ದಾಳೆ.

"ನಲ್ಲಿ ಹತ್ರ ಯಾರೂ ಮಾತಾಡ್ಸಲ್ಲ. ನನ್ನ ಕೊಡ ಕಡೀಗೆ ಇಡ್ತಾರ. ಕೆಂಚಕ್ಕ ಒಬ್ಬಾಕೆ ಬರ್ತಾಳ."

ಕೆಂಚಕ್ಕ ಬೋರಣ್ಣನ ಹೆಂಡತಿ.

"ಆಕೀನೇ ಬರ್ತಾಳಾ?"

"ದಿನಾ ಬಂದು ಕುಂತು ಹೋಗ್ತಾಳ. ಅವರ ಮನ್ಯಾಗ ಒಲೆ ಹೊತ್ತಿಸೋದು ಒಂದೇ ಹೊತ್ತು ಈಗ. ನಾನು ರೊಟ್ಟಿ ಕೊಟ್ರ ತಗೊಳ್ಳಲ್ಲ. ನನಗ ರೋಜಾ ಅಂತಾಳ, ನಗ್ತಾಳ."

ಮಧ್ಯಾಹ್ನದ ಕೋಳಿಸಾರಿನ ವಾಸನೆ ಇನ್ನೂ ಕಾಂಪೌಂಡಿನಲ್ಲಿತ್ತು. ಅವಳಿಗೂ ಬಂದಿರಬೇಕು.

ಊರಿನಲ್ಲಿ ಚುನಾವಣೆಯ ಗಲಾಟೆಯಂತೆ. ಇಲ್ಲಿಗೆ ಬರೀ ಮೈಕಿನ ಸದ್ದು ಬರುತ್ತದೆ.

೨೧ ಫೆಬ್ರವರಿ

ಪ್ರಾಕ್ಟೀಸು. ಮೊಣಕಾಲು.

೨೪ ಫೆಬ್ರವರಿ, ಶನಿವಾರ

ಇವತ್ತಿನ ಪ್ರಾಕ್ಟೀಸು ಬೇರೆ ಥರ. ಶಿವಮೂರ್ತಪ್ಪನವರು ನಮ್ಮಲ್ಲೇ ಒಬ್ಬನನ್ನು ನೆಲದ ಮೇಲೆ ಮಲಗಿಸಿ, ಇಬ್ಬರು ಅವನ ಕೈಕಾಲು ಹಿಡಿದು ಎತ್ತಿ ಆಚೆ ಗೆರೆಯ ತನಕ ಒಯ್ಯಬೇಕು ಅಂದರು. ಮಲಗಿದವನು ಒದ್ದಾಡಬೇಕು, ಆದರೂ ಬಿಡಬಾರದು. ನಾವು ನಗಾಡುತ್ತಾ ಮಾಡಿದೆವು. ಹತ್ತಿಯ ಮೂಟೆಯನ್ನೂ ಹಾಗೇ ಹೊತ್ತೆವು. ಕೆಂಚವೀರಪ್ಪ, "ಕಬಡ್ಡೀಲಿ ಇದು ಯಾವ ಹಿಡಿತ ಸಾಹೇಬ್ರೆ?" ಅಂದ.

"ಮಂಗಳವಾರ ಲಾರಿ ಹೊರಗೆ ಹೋಗಬೇಕು" ಅಂದರು ಶಿವಮೂರ್ತಪ್ಪ. "ಗೋದಾಮಿನಲ್ಲಿ ಬಟ್ಟೆ ಬೇಲು ಕೊಳೀತಾ ಬಿದ್ದಾವೆ. ಗೇಟಿನ ಮುಂದೆ ಅವರು ಮಲಗ್ತಾರೆ. ಪೊಲೀಸರು ಹೊಡೆದ್ರೆ ಪೇಪರಿನಲ್ಲಿ ಬರುತ್ತೆ. ನೀವು ಹೊಡೆಯೋದು ಬ್ಯಾಡ, ಎತ್ತಿ ಬದಿಗಿಡಿ ಸಾಕು. ನಿಮಗೆ ಅದು ಆಟ."

ಆಮೇಲೆ ಯಾರೂ ನಗಲಿಲ್ಲ. ಬೆಂಗಳೂರಿನ ಟೂರ್ನಮೆಂಟು ಎಂದು ಅಂತ ಒಬ್ಬನೂ ಕೇಳಲಿಲ್ಲ.

೨೬ ಫೆಬ್ರವರಿ, ಸೋಮವಾರ

ಇವತ್ತು ಖಾಲಿ ಬಟ್ಟಲುಗಳನ್ನು ವಾಪಸು ಕೊಡುವಾಗ ಬೋರಣ್ಣನಿಗೆ ಹೇಳಿಬಿಡೋಣ ಅಂತ ಕಂಬಿಯ ತನಕ ಹೋದೆ. ನಾಳೆ ಮಲಗಬೇಡ, ಅಂತ. ಗೇಟಿನವನು ಪಕ್ಕದಲ್ಲೇ ನಿಂತಿದ್ದ. ಹೇಳಲಾಗಲಿಲ್ಲ. ಹೇಳಿದ್ದರೆ ಅವನು ಮಲಗದೆ ಇರುತ್ತಿದ್ದನೇ?

ಓಡಿಹೋಗುವುದು ಅಂದರೆ ಈ ಕಾಲಿನಲ್ಲಿ ಗೋಡೆ ಹತ್ತಲಾಗುವುದಿಲ್ಲ. ಹೊಟ್ಟೆನೋವು ಅಂತ ಮಲಗೋಣ ಅಂದರೆ ಕೆಂಚವೀರಪ್ಪ ಆಗಲೇ ಆ ನೆವ ಹೇಳಿ ಬೈಸಿಕೊಂಡಿದ್ದಾನೆ. ಅವನ ತಂಗಿಯ ಮದುವೆ ಗೊತ್ತಾಗಿದೆ, ಅವನು ಹೆದರಿದ್ದಾನೆ. ನಾನೂ ಹೆದರಿದ್ದೇನೆ. ಇಷ್ಟು ವರ್ಷ ಆಡಿದರೂ ಅಂಗಳಕ್ಕಿಳಿಯುವ ಮುಂಚೆ ಒಂದು ದಿನವೂ ಹೆದರಿರಲಿಲ್ಲ.

೫ ಮಾರ್ಚಿ, ಸೋಮವಾರ. ಆಸ್ಪತ್ರೆ

ಇಷ್ಟು ದಿನ ಬರೆಯಲಾಗಲಿಲ್ಲ. ಕಾಲಿಗೆ ತೊಡೆಯಿಂದ ಪಾದದ ತನಕ ಪ್ಲಾಸ್ಟರು. ರಶೀದಾ ಡೈರಿ ತಂದುಕೊಟ್ಟಿದ್ದಾಳೆ. ಕ್ಯಾಂಪಿನಿಂದ ನನ್ನ ಗಂಟನ್ನು ಗೇಟಿನ ಹೊರಗೆ ಎಸೆದಿದ್ದರಂತೆ.

ಮಂಗಳವಾರ ಬೆಳಿಗ್ಗೆ ಗೇಟು ತೆರೆದರು. ಹಿಂದೆ ಲಾರಿ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದರು. ಹೊರಗೆ ಜನ ಸಾಲಾಗಿ ಮಲಗಿದ್ದರು. ಎಲ್ಲರೂ ಗೊತ್ತಿದ್ದವರೇ. ಪೊಲೀಸರು ರಸ್ತೆಯ ಆಚೆ ಮರದ ಕೆಳಗೆ ನಿಂತಿದ್ದರು. ನಾನು, ಕೆಂಚವೀರಪ್ಪ ಜೋಡಿ. ನಾನು ಕಾಲು, ಅವನು ಕೈ. ಮೊದಲು ಎತ್ತಿದ್ದು ನೂಲು ಸುತ್ತುವ ವಿಭಾಗದ ಒಬ್ಬ ಮುದುಕನನ್ನು. ಏನೂ ಭಾರವಿರಲಿಲ್ಲ. ಬದಿಗೆ ಇಟ್ಟ ತಕ್ಷಣ ಎದ್ದು ಬಂದು ಮತ್ತೆ ಮಲಗಿದ. ಇನ್ನೊಬ್ಬನೂ ಹಾಗೇ. ಯಾರೂ ಬೈಯಲಿಲ್ಲ. ಬೈದಿದ್ದರೆ ಕೆಲಸ ಸುಲಭವಾಗುತ್ತಿತ್ತು.

ಬೋರಣ್ಣ ಲಾರಿಯ ಗಾಲಿಗೆ ಎದುರಾಗಿ, ಗೇಟಿನ ಕಂಬದ ಬುಡದಲ್ಲಿ ಮಲಗಿದ್ದ. ಶಿವಮೂರ್ತಪ್ಪನವರು, "ಸಿಕಂದರ್, ಅವನ್ನ ನೀನೇ ಹಿಡಿ. ಅವನೊಬ್ಬ ಹೋದ್ರೆ ಉಳಿದವರು ತಾವೇ ಏಳ್ತಾರೆ" ಅಂದರು.

ನಾನು ಕೂತು ಅವನ ಎರಡೂ ಹರಡು ಹಿಡಿದೆ. ಅವನು ತಲೆ ಎತ್ತಿ ನೋಡಿದ.

"ಲೇ ತಮ್ಮಾ, ನಿನ್ನ ಮೊಣಕಾಲು ಸರಿ ಇಲ್ಲ. ನನ್ನಂಥ ಭಾರ ಎತ್ತಬ್ಯಾಡ. ಬಿಡು, ನಾನೇ ಎದ್ದು ಆಚೆ ಹೋಗ್ತೀನಿ. ಆಮ್ಯಾಲೆ ಬಂದು ಮಲಗ್ತೀನಿ."

ನಾನು ಮಗ್ಗದ ಮುಂದೆ ಕುಂಟುವುದನ್ನು ಅವನು ನೋಡಿದ್ದನಂತೆ. ಯಾರಿಗೂ ಹೇಳಿರಲಿಲ್ಲ.

ಆಮೇಲೆ ನಾನು ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಕೈ ಹಿಡಿದಿತ್ತು. ಎತ್ತುವ ಬದಲು ನಾನು ಅವನ ಕಾಲಿನ ಮೇಲೇ ಬೋರಲು ಮಲಗಿಬಿಟ್ಟೆ. ನನ್ನ ಬಲಗಾಲನ್ನು ಗೇಟಿನ ಕಂಬಕ್ಕೆ ಸುತ್ತಿ ಹಾಕಿದೆ. ಕೆಂಚವೀರಪ್ಪ, "ಏನು ಮಾಡ್ತಿದೀಯೋ, ಏಳೋ" ಅಂತ ಕಿವಿಯಲ್ಲಿ ಅಂದ. ಶಿವಮೂರ್ತಪ್ಪನವರು, "ಇಬ್ಬರನ್ನೂ ಎಳೀರಿ" ಅಂದರು. ಇಡೀ ಟೀಮು ಬಂತು. ಭುಜ ಹಿಡಿದು ಎಳೆದರು, ಸೊಂಟ ಹಿಡಿದು ಎಳೆದರು. ಬೋರಣ್ಣನ ತಲೆಯ ಕಡೆಯಿಂದಲೂ ಎಳೆದರು. ನನ್ನ ಕೈ ಬಿಡಿಸಲು ಬೆರಳು ಒಂದೊಂದಾಗಿ ಎತ್ತಿದರು. ಒಂದು ಎತ್ತಿದರೆ ಇನ್ನೊಂದು ಕೂರುತ್ತಿತ್ತು. ಬೋರಣ್ಣ, "ಬಿಡೋ ಸಿಕಂದ್ರಾ, ಕಾಲು ಹೋಗ್ತೈತೆ, ಬಿಡು" ಅನ್ನುತ್ತಿದ್ದ. ಸೊಂಟ ಹಿಡಿದವನು ಕೆಂಚವೀರಪ್ಪ. ಅವನ ಉಸಿರಿನಿಂದಲೇ ಗೊತ್ತಾಯಿತು. ಅವನು ಅಳುತ್ತಲೂ ಇದ್ದ, ಎಳೆಯುತ್ತಲೂ ಇದ್ದ.

ಮೊಣಕಾಲು ಮುರಿದ ಸದ್ದು ಎಲ್ಲರಿಗೂ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ.

ಲಾರಿಯ ಡ್ರೈವರು ಎಂಜಿನ್ ಆರಿಸಿ ಕೆಳಗಿಳಿದ. ಯಾವ ಊರಿನವನೋ. "ನನ್ನ ಕೈಲಾಗಲ್ಲ ಸ್ವಾಮಿ" ಅಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ರಸ್ತೆ ಹಿಡಿದು ಹೋಗಿಬಿಟ್ಟ. ಆಮೇಲೆ ನನಗೆ ಎಚ್ಚರ ತಪ್ಪಿತು. ಸ್ಟ್ರೈಕಿನವರೇ ಬಾಗಿಲ ಹಲಗೆಯ ಮೇಲೆ ಮಲಗಿಸಿಕೊಂಡು ಇಲ್ಲಿಗೆ ತಂದರಂತೆ.

೭ ಮಾರ್ಚಿ, ಬುಧವಾರ

ಶಿವಮೂರ್ತಪ್ಪನವರು ಬಂದಿದ್ದರು, ಕೈಯಲ್ಲಿ ಸೇಬು. ಸ್ಟೂಲು ಎಳೆದುಕೊಂಡು ಕೂತರು.

ಬೋರಣ್ಣನನ್ನು ಅರೆಸ್ಟ್ ಮಾಡಿದ್ದಾರಂತೆ. ಗೇಟಿನಲ್ಲಿ ಅವನು ನನ್ನ ಮೊಣಕಾಲಿಗೆ ಒದ್ದು ಮುರಿದ ಅಂತ ಕೇಸು.

"ಅವನು ಒದೀಲಿಲ್ಲ ಸಾಹೇಬ್ರೆ."

"ನಿಂಗೆ ಎಚ್ಚರ ಇರಲಿಲ್ಲ. ನಿನಗೇನು ಗೊತ್ತು? ನಮ್ಮ ಟೀಮಿನವರೇ ನೋಡಿದೀವಿ ಅಂತ ಹೇಳ್ತಿದಾರೆ. ನೀನು ಕೋರ್ಟಿನಲ್ಲಿ ಹೂಂ ಅಂದ್ರೆ ಸಾಕು. ಗೇಟಲ್ಲಿ ಮಾಡಿದ್ದನ್ನ ನಾನು ಮರೀತೀನಿ. ಕಾಲು ಹೋದ್ರೇನು, ಟೀಮಿಗೆ ಕೋಚ್ ಆಗು. ಲೈನಿನ ಮನೆ ನಿನ್ನ ಹೆಸರಲ್ಲೇ ಇರುತ್ತೆ."

ಹಾಸಿಗೆಯಲ್ಲಿ ಮಗ್ಗುಲಾಗಲೂ ಆಗುವುದಿಲ್ಲ. ಅವರ ಮುಖ ನೋಡದಿರಲು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂತು ಅಂದುಕೊಂಡಿರಬೇಕು. ಹೋದರು.

೯ ಮಾರ್ಚಿ, ಶುಕ್ರವಾರ

ಈದ್. ರಶೀದಾ ಹಬ್ಬದ ಶಾವಿಗೆ ಪಾಯಸ, ಸುರಕುಂಬ ತಂದಿದ್ದಳು. ವಾರ್ಡಿನಲ್ಲಿದ್ದ ಎಲ್ಲರಿಗೂ ಒಂದೊಂದು ಲೋಟ ಕೊಟ್ಟು ಬಂದು ನನ್ನ ಹತ್ತಿರ ಕೂತಳು. ಹಾಲು ಕೆಂಚಕ್ಕ ತಂದುಕೊಟ್ಟಿದ್ದಂತೆ. ಗಂಡ ಜೈಲಿನಲ್ಲಿ, ಆಕೆ ಯಾರನ್ನೋ ಕೇಳಿ ಹಾಲು ತಂದಿದ್ದಾಳೆ. ಮಸೀದಿಯಿಂದ ಬಂದವರು ಹಲವರು ಹಾಸಿಗೆಯ ಬಳಿ ಬಂದು ಕೈ ಕೊಟ್ಟು ಹೋದರು. ಸ್ಟ್ರೈಕಿನವರೂ ಬಂದಿದ್ದರು.

ಶಿವಮೂರ್ತಪ್ಪ ಹೇಳಿದ್ದನ್ನು ರಶೀದಾಗೆ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

"ಹೂಂ ಅಂದ್ರ ಏನಾಗ್ತದ?"

"ಮನೆ ಇರ್ತದ. ಕೆಲಸ ಇರ್ತದ. ಬೋರಣ್ಣಂಗ ಶಿಕ್ಷೆ ಆಗ್ತದ."

"ಇಲ್ಲ ಅಂದ್ರ?"

"ನಮಗ ಏನೂ ಇರಲ್ಲ."

ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿದಳು. ಆಮೇಲೆ, "ಹರಿಹರದಾಗ ಮುನಾಫಣ್ಣನ ಗಾದಿ ಅಂಗಡಿ ಹಿಂದ ಒಂದು ಕೋಣೆ ಖಾಲಿ ಐತಿ. ನಲ್ಲಿ ಇಲ್ಲ, ಹೊಳಿಗೆ ಹೋಗಬೇಕು. ನನಗ ಹೊಳಿ ನೀರು ಸೇರ್ತದ" ಅಂದಳು.

ಮುನಾಫ್ ಅವಳ ಅಣ್ಣ. ಅವಳು ಮೊದಲೇ ಅಣ್ಣನಿಗೆ ಹೇಳಿ ಕಳಿಸಿದ್ದಳು. ನಾನು ಕೇಳಲಿಲ್ಲ, ಆದರೆ ಗೊತ್ತಾಯಿತು. ಅವಳ ಬಲಗೈಯ ಹೆಬ್ಬೆರಳಿನಲ್ಲಿ ಸುಟ್ಟ ಗಾಯದ ಕಲೆ ಇದೆ. ಎಂದು ಆಯಿತು ಅಂತ ಕೇಳಿದೆ. ರೋಜಾದ ಮೊದಲ ವಾರ, ನಿಮ್ಮ ಡಬ್ಬಿಗೆ ಮಾಡುವಾಗ, ಅಂದಳು.

೨ ಏಪ್ರಿಲ್, ಸೋಮವಾರ

ಕೋರ್ಟು. ಪ್ಲಾಸ್ಟರು ತೆಗೆದಿದ್ದಾರೆ, ಕಾಲು ಮಡಚುವುದಿಲ್ಲ. ಇನ್ನು ಮಡಚುವುದೂ ಇಲ್ಲ ಅಂದರು ಡಾಕ್ಟರು. ಎರಡು ಕೋಲು ಹಿಡಿದು ಮೆಟ್ಟಿಲು ಹತ್ತಿದೆ. ಹತ್ತುವಾಗ ಹಿಂದೆ ಯಾರೋ ಬೆನ್ನಿಗೆ ಕೈ ಕೊಟ್ಟರು. ತಿರುಗಿ ನೋಡಿದರೆ ಕೆಂಚವೀರಪ್ಪ. ಮಿಲ್ಲಿನ ಕಡೆಯ ಸಾಕ್ಷಿಗಳ ಬೆಂಚಿಗೆ ಹೋಗಿ ಕೂತ.

ಅವನನ್ನೇ ಮೊದಲು ಕರೆದರು. ನೆಲ ನೋಡುತ್ತಾ, ಬೋರಣ್ಣ ಒದ್ದದ್ದು ನೋಡಿದೆ ಅಂದ. ಬೋರಣ್ಣ ಕಟಕಟೆಯಲ್ಲಿ ಕೈ ಕಟ್ಟಿ ನಿಂತಿದ್ದ. ಗಡ್ಡ ಬೋಳಿಸಿದ್ದರು, ಕೆನ್ನೆ ಒಳಗೆ ಹೋಗಿತ್ತು.

ಆಮೇಲೆ ನನ್ನ ಸರದಿ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ನೋಡಿ, "ನಿಂತ್ಕೊಳ್ಳೋಕೆ ಆಗುತ್ತೇನಪ್ಪ?" ಅಂತ ಕೇಳಿ ಕುರ್ಚಿ ಕೊಡಿಸಿದರು. "ನಿನ್ನ ಕಾಲು ಮುರಿದವರು ಯಾರು?"

"ಯಾರೂ ಮುರೀಲಿಲ್ಲ ಸ್ವಾಮಿ. ಅವರು ಎಳೆದ್ರು, ನಾನು ಬಿಡಲಿಲ್ಲ."

"ಬೋರಣ್ಣ ಒದ್ದನೋ ಇಲ್ಲವೋ?"

"ಇಲ್ಲ. ನಾನೇ ಅವನ ಎರಡೂ ಕಾಲು ಹಿಡಿದು ಮ್ಯಾಲೆ ಮಲಗಿದ್ದೆ. ನಾನು ಹಿಡಿದ ಕಾಲು ಅಲ್ಲಾಡ್ಸಾಕೆ ಇಲ್ಲೀತನಕ ಯಾರಿಗೂ ಆಗಿಲ್ಲ. ಬೇಕಾದ್ರೆ ಈ ಊರಲ್ಲಿ ಯಾರನ್ನಾದ್ರೂ ಕೇಳ್ರಿ."

ಹಿಂದೆ ಕೂತ ಜನ ನಕ್ಕರು. ಮ್ಯಾಜಿಸ್ಟ್ರೇಟರೂ ಬಾಯಿಗೆ ಕೈ ಅಡ್ಡ ಹಿಡಿದರು. ಮಿಲ್ಲಿನ ವಕೀಲರು ಎದ್ದು, ಎಳೆದವರು ಯಾರು ಹೇಳು ಅಂದರು. ಬೆಂಚಿನ ಮೇಲೆ ಕೆಂಚವೀರಪ್ಪ ತಲೆ ಎತ್ತಲಿಲ್ಲ.

"ಬೋರಲು ಬಿದ್ದಿದ್ದೆ ಸ್ವಾಮಿ. ಮುಖ ಕಾಣಲಿಲ್ಲ."

ಕೇಸು ವಜಾ ಆಯಿತು. ಸ್ಟ್ರೈಕೂ ಹೋದ ವಾರ ಮುಗಿದಿದೆ. ನಾಲ್ಕು ಮಗ್ಗದ ನೋಟಿಸನ್ನು ಈ ವರ್ಷದ ಮಟ್ಟಿಗೆ ವಾಪಸು ತಗೊಂಡಿದ್ದಾರೆ, ಆದರೆ ಬೋರಣ್ಣನನ್ನು ಮಿಲ್ಲಿಗೆ ತಗೊಂಡಿಲ್ಲ. ಕೋರ್ಟಿನ ಹೊರಗೆ ಅವನು ನನ್ನ ಎರಡೂ ಕೋಲು ಕಂಕುಳಲ್ಲಿಟ್ಟುಕೊಂಡು, ನನ್ನನ್ನು ತನ್ನ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಸಿದ. ತಾನು ಊರಲ್ಲೇ ಒಂದು ಕೈಮಗ್ಗ ಹಾಕುತ್ತೇನೆ ಅಂದ. ಕೆಂಚವೀರಪ್ಪನನ್ನು ಬೈಯುತ್ತಾನೆ ಅಂದುಕೊಂಡಿದ್ದೆ. "ಆ ಹುಡುಗನ ಕಡೆ ನೋಡಾಕಾಗಲಿಲ್ಲ ನಂಗೆ" ಅಂದ ಅಷ್ಟೇ.

ಬೀಗದ ಕೈ ರಶೀದಾಳೇ ಹೋಗಿ ಆಫೀಸಿನಲ್ಲಿ ಕೊಟ್ಟು ಬಂದಳು. ಲೈನಿನ ಹೆಂಗಸರು ಸಾಮಾನು ಗಾಡಿಗೆ ಹೇರಲು ಬಂದಿದ್ದರಂತೆ.

೨೯ ಏಪ್ರಿಲ್, ಭಾನುವಾರ. ಹರಿಹರ

ಬೆಳಿಗ್ಗೆಯಿಂದ ಮುನಾಫನ ಅಂಗಡಿಯಲ್ಲಿ ಗಾದಿ ಹೊಲಿದೆ. ಕಾಲು ಚಾಚಿಕೊಂಡೇ ಮಾಡುವ ಕೆಲಸ, ಅದಕ್ಕೆ ತೊಂದರೆಯಿಲ್ಲ. ಗಿರಾಕಿಯೊಬ್ಬರು ಗುರುತು ಹಿಡಿದು, ನೀನು ಉಡ ಅಲ್ಲವಾ ಅಂದರು. ಸಿಕಂದರ್, ಅಂದೆ.

ಸಂಜೆ ರಶೀದಾ ಜೊತೆ ಹೊಳೆಗೆ ಹೋದೆ. ಬೇಸಿಗೆ, ನೀರು ಆಚೆ ದಡಕ್ಕೆ ಸರಿದು ಈಚೆ ಬರೀ ಮರಳು. ಜನ ಹೆಚ್ಚಿರಲಿಲ್ಲ. ಅವಳು ಕೊಡ ಕೆಳಗಿಟ್ಟು, "ಮದುವಿ ಆಗಿ ಐದು ವರ್ಷ ಆತು, ನೀವು ಆಡೋದನ್ನ ನಾ ಒಮ್ಮೆನೂ ನೋಡಿಲ್ಲ. ಅದು ಹೆಂಗ ಆಡ್ತಾರ?" ಅಂದಳು.

ಕೋಲಿನಿಂದ ಮರಳಿನ ಮೇಲೆ ಅಂಗಳ ಬರೆದು ತೋರಿಸಿದೆ. ಇದು ನಡುಗೆರೆ. ಇಲ್ಲಿಂದ ಒಂದೇ ಉಸಿರಿನಲ್ಲಿ ಕಬಡ್ಡಿ ಅನ್ನುತ್ತಾ ಬರಬೇಕು. ಮುಟ್ಟಿ ತಿರುಗಿ ಗೆರೆ ದಾಟಿದರೆ ಬದುಕಿದೆ, ಸಿಕ್ಕಿಬಿದ್ದರೆ ಔಟು.

"ನೀವು ಎಲ್ಲಿ ನಿಲ್ಲತಿದ್ರಿ?"

ಎಡಮೂಲೆಗೆ ಹೋಗಿ ಕೋಲು ಊರಿ ನಿಂತೆ. ಅವಳು ಸುತ್ತ ಒಮ್ಮೆ ನೋಡಿದಳು. ಆಮೇಲೆ ಬುರ್ಖಾ ಬಿಚ್ಚಿ ಕೊಡದ ಮೇಲೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆರೆ ದಾಟಿದಳು. ಪಿಸುದನಿಯಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಾ ಬಂದಳು. ನಗು ತಡೆಯಲಾಗದೆ ಅರ್ಧದಾರಿಯಲ್ಲೇ ಉಸಿರು ಮುಗಿಯುವ ಹಾಗಿತ್ತು. ತೀರ ಹತ್ತಿರ ಬಂದು ನನ್ನ ಭುಜ ಮುಟ್ಟಿ, ಮರಳು ಹಾರಿಸುತ್ತಾ ಓಡಿ ಗೆರೆಯಾಚೆ ನಿಂತಳು.

"ಯಾಕ ಹಿಡೀಲಿಲ್ಲ?"

"ಕಾಲು ಏಳಲಿಲ್ಲ" ಅಂದೆ.

ಸುಳ್ಳು. ಕೈ ಚಾಚಿದ್ದರೆ ಸಿಗುತ್ತಿದ್ದಳು.